ಕೊಳಚೆಯಿಂದ ಏಳುವ ಅನಿಲ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ಕೊಳಚೆಯ ಮಾತೇಕೆ ಎಂದು ತಮಗೆ ಅನ್ನಿಸೀತು. ಆದರೆ ಈ ಊರಿನ ಚರಂಡಿಗೂ ಕನ್ನಡಿಗರಿಗೂ ಹಳೆಯ ನಂಟುಂಟು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದನ್ನು ಹಾಳುಗೆಡವಿದ ಮೇಲೆ, ನಿಜಾಮರ ಸರ್ಕಾರ 1909ರಲ್ಲಿ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನೆರೆ ತಡೆಯಲು ಜಲಾಶಯಗಳನ್ನು ಸೂಚಿಸಿದ ಅವರೇ ನಗರಕ್ಕೆ ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟರು. ಹೊಲಸನ್ನು ಮನೆಯಿಂದ ದೂರ ಸಾಗಿಸುವುದು ಆ ಕಾಲದ ಚಿಂತೆ. ಸಾಗಿಸಿದ ಮೇಲೆ ಅದರಿಂದ ಗಾಳಿಗೆ ಏನು ಸೇರುತ್ತದೆಂಬುದು ನಮ್ಮ ಕಾಲಕ್ಕೆ ಬಂದಿರುವ ಪ್ರಶ್ನೆ.

ಅಂಬರಪೇಟೆಯಲ್ಲಿ ದಿನಕ್ಕೆ 33 ಕೋಟಿ 90 ಲಕ್ಷ ಲೀಟರ್ ಮಲಿನಜಲವನ್ನು ಶುದ್ಧಿಮಾಡಲೆಂದು ಕಟ್ಟಿದ ಸ್ಥಾವರವಿದೆ. ಅಲ್ಲಿನ ಕ್ರಮ ನಮಗೆ ಅಪರಿಚಿತವೇನಲ್ಲ. ಊರಿನ ಹಿತ್ತಲ ಗೋಬರ್ ಗ್ಯಾಸ್ ಗುಂಡಿಯ ಹಿರಿಯಣ್ಣನೆನ್ನಿ. ನೀರು ತೊಟ್ಟಿಯ ತಳದಿಂದ ಮೇಲೇರುತ್ತ ಕೆಸರಿನ ಪದರವೊಂದನ್ನು ಹಾದುಬರುತ್ತದೆ. ಗಾಳಿ ಸೋಕದ ಆ ಕೆಸರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಮೀಥೇನ್ ಅನಿಲವನ್ನು ಬಿಡುತ್ತವೆ. ಗಾಳಿ ಊದುವ ಯಂತ್ರ ಬೇಡವಾದ್ದರಿಂದ ವಿದ್ಯುತ್ತಿನ ಖರ್ಚು ಕಡಿಮೆ. ನಮ್ಮ ಬಿಸಿಲ ನಾಡಿಗೆ ಒಪ್ಪುವ ಉಪಾಯವೇ ಸರಿ.

ಆದರೆ ಹಿಡಿಯದೆ ಬಿಟ್ಟ ಮೀಥೇನ್, ತೂಕಕ್ಕೆ ತೂಕ ನೋಡಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲಾಮ್ಲಕ್ಕಿಂತ ಸುಮಾರು 28 ಪಟ್ಟು, ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಹಿಡಿದು ಉರಿಸಿದರೋ, ಉಳಿಯುವುದು ನೀರಾವಿ ಮತ್ತು ಇಂಗಾಲಾಮ್ಲ. ಆ ಇಂಗಾಲವೂ ನಾವುಂಡ ಜೋಳ, ಅಕ್ಕಿಗಳು ಗಾಳಿಯಿಂದಲೇ ಪಡೆದದ್ದು, ಹೊಸ ಸಾಲವಲ್ಲ. ಎಂಜಿನ್ನಿಗೆ ಊಡಿದರೆ ವಿದ್ಯುತ್ತೂ ದೊರೆಯುತ್ತದೆ. ಹಾಗೆಂದು ಎಲ್ಲವೂ ಕೈಗೆ ಸಿಗುವುದಿಲ್ಲ. ನೀರಿನಲ್ಲಿ ಕರಗಿದ್ದಷ್ಟು, ನೀರು ಹೊರಬಿದ್ದಾಗ ತಪ್ಪಿಸಿಕೊಳ್ಳುತ್ತದೆ. ತೆಗೆದ ಕೆಸರನ್ನು ಹಸಿಯಾಗಿಯೇ ರಾಶಿ ಹಾಕಿದರೆ ಅದರ ಒಡಲಲ್ಲೂ ಇದೇ ಅನಿಲ ಹುಟ್ಟುತ್ತಿರುತ್ತದೆ. ತೆಳ್ಳಗೆ ಹರಡಿ ಬೇಗ ಒಣಗಿಸಿದರೆ ತಗ್ಗುತ್ತದೆ.

ಗಾಳಿ ಊದುವ ಸ್ಥಾವರಗಳಲ್ಲಿ ಮೀಥೇನ್ ಕಡಿಮೆ. ಆದರೆ ಊದಲು ಬೇಕಾದ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನದು. ಅಲ್ಲದೆ ಮೂತ್ರದಲ್ಲಿರುವ ಸಾರಜನಕ ಅರೆಬರೆ ಮಾರ್ಪಟ್ಟಾಗ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದರ ಕಾವು ಇಂಗಾಲಾಮ್ಲದ 270 ಪಟ್ಟಿನಷ್ಟು. ಸ್ಥಾವರವೇ ಬೇಡವೆಂದು ಇದರ ಅರ್ಥವಲ್ಲ. ಹಾಗೆಯೇ ಮೂಸಿಗೆ ಬಿಟ್ಟ ಕೊಳಚೆ ನದಿಯಲ್ಲೇ ಕೊಳೆತು ಅನಿಲ ಬಿಡುತ್ತದೆ. ಅಲ್ಲಿ ಅದನ್ನು ಹಿಡಿಯಲು ಮುಚ್ಚಳವೂ ಇಲ್ಲ.

ನಮ್ಮಲ್ಲಿ ಹಲವರು ವಾಸಿಸುವ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲೂ ಇಂಥ ಸಣ್ಣ ಸ್ಥಾವರಗಳುಂಟು. ಕರೆಂಟು ಬಿಲ್ಲು ಉಳಿಸಲೆಂದು ರಾತ್ರಿ ಬ್ಲೋಯರ್ ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಗಾಳಿ ನಿಂತ ತೊಟ್ಟಿ ಕೊಳೆಯತೊಡಗುತ್ತದೆ. ಬೆಳಗಿನ ದುರ್ನಾತ ಅದರ ಸುಳಿವು. ಮೀಥೇನಿಗೆ ತನ್ನದೇ ವಾಸನೆಯಿಲ್ಲ, ಆದುದರಿಂದ ಮೂಗನ್ನೇ ನಂಬಿ ಕೂಡುವಂತಿಲ್ಲ. ಗೋಡೆಯ ಬಣ್ಣದ ಚರ್ಚೆಗೆ ಎರಡು ಗಂಟೆ ಕೊಡುವ ನಾವು, ನಿವಾಸಿಗಳ ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆದು ವಿಚಾರಿಸೋಣ: ಬ್ಲೋಯರ್ ದಿನಕ್ಕೆ ಎಷ್ಟು ಗಂಟೆ ನಡೆಯುತ್ತದೆ, ಕೆಸರು ಒಯ್ಯುವ ಟ್ಯಾಂಕರು ಅದನ್ನು ಎಲ್ಲಿ ಸುರಿಯುತ್ತದೆ?