ಊರಾಳಿಕೆಯಲ್ಲಿ ನಮ್ಮ ಪಾಲು



ನಾವು ಕಂಡಿರುವಂತೆ ಶಿರಾದಲ್ಲಿ ನಗರಸಭೆ, ಮಧುಗಿರಿ ಪಾವಗಡಗಳಲ್ಲಿ ಪುರಸಭೆ, ಕೊರಟಗೆರೆಯಲ್ಲಿ ಪಟ್ಟಣ ಪಂಚಾಯತಿ. ಜನಸಂಖ್ಯೆಯಿಂದಾದ ಭೇದವಿದು, ಆಧಾರವಾದರೋ 1964ರ ಅಧಿನಿಯಮವೊಂದೇ. ನಾಡು 1956ರಲ್ಲಿಯೇ ಒಂದಾದರೂ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರುಗಳ ಪೌರಕಾಯಿದೆಗಳನ್ನು ಒಂದುಗೂಡಿಸಲು ಮತ್ತೆಂಟು ವರ್ಷ ಹಿಡಿಯಿತು!

ವಾರ್ಡಿಗೊಬ್ಬರಂತೆ ಸದಸ್ಯರನ್ನು ಆರಿಸುವವರು ನಾವು. ಠರಾವು ಮಾಡುವವರು ಅವರು. ಅದನ್ನು ಕಾರ್ಯಕ್ಕೆ ತರುವ ಅಧಿಕಾರಿಯನ್ನು ಕಳುಹಿಸುವುದು ಮಾತ್ರ ಸರ್ಕಾರ. ಆದಕಾರಣ ನಲ್ಲಿಯಲ್ಲಿ ನೀರು ನಿಂತಾಗ ನಾವು ಸದಸ್ಯರ ಬಾಗಿಲಿಗೆ ಓಡುವೆವು, ಅವರು ಕಚೇರಿಯ ಬಾಗಿಲಿಗೆ ಓಡುವರು. ಬೇಸಗೆಯಲ್ಲಿ ಈ ಬರಡುಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಮನೆಕಂದಾಯ ತೆರುವ ನಮ್ಮಲ್ಲಿ ಊರಿನ ಆಯವ್ಯಯವನ್ನು ಓದಿದವರೆಷ್ಟು ಮಂದಿ? ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುವ ಪದ್ಧತಿ ಉಂಟು. ಕುರ್ಚಿಗಳು ಬರಿದಾಗಿರುವುದೂ ಉಂಟು. ಉಪಾಧ್ಯಾಯರು ಈ ಸಲ ಹಿರಿಯ ತರಗತಿಯ ಮಕ್ಕಳನ್ನೂ ಕರೆದುಕೊಂಡು ಬರಲಿ. ನೀರಿನ ಲೆಕ್ಕವನ್ನು ನಾವು ಅಲ್ಲಿಯೇ ಕೇಳೋಣ.