ಕ್ಷೇತ್ರಕ್ಕೆ ವಯಸ್ಸು ಕೇಳಬೇಕೆ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿಂದೂ ಮತ್ತು ಕ್ರೈಸ್ತ ಯಾತ್ರಾಸ್ಥಳಗಳು ಎಂಬುದು ಈ ಮಾಲೆಯಲ್ಲಿ ನನಗೆ ಬಂದ ವಿಷಯ. ಜಿಲ್ಲೆ ಎಂದಾಕ್ಷಣ ಒಂದು ತೊಡಕು ಎದುರಾಗುತ್ತದೆ. 1986ರಲ್ಲಿ ಹುಟ್ಟಿದ ಈ ಜಿಲ್ಲೆಯಲ್ಲಿ 2007ರವರೆಗೆ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣಗಳೂ ಇದ್ದವು. ಈಗ ಉಳಿದಿರುವುದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು. ಹೆಸರನ್ನೂ ‘ಬೆಂಗಳೂರು ಉತ್ತರ’ ಎಂದು ಬದಲಿಸಲು 2025ರಲ್ಲಿ ಸಚಿವ ಸಂಪುಟ ಒಪ್ಪಿತು. ಹರಕೆ ಹೊತ್ತವರು ಗಡಿಕಲ್ಲು ನೋಡಿಕೊಂಡು ನಡೆಯುವವರಲ್ಲವಾದ್ದರಿಂದ ನಾನೂ ಒಂದೆರಡು ಕಡೆ ಗಡಿ ದಾಟುತ್ತೇನೆ. ಯಾತ್ರಾಸ್ಥಳಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಹಳೆಯದು?’ ಎಂಬುದು. ಆ ಪ್ರಶ್ನೆಗೆ ನಾವು ಕೊಡುತ್ತಿರುವ ತೂಕ ಹೆಚ್ಚಾಯಿತು ಎಂಬುದು ನನ್ನ ವಾದ. ಕ್ಷೇತ್ರವನ್ನು ಕ್ಷೇತ್ರವಾಗಿ ಉಳಿಸುವುದು ಅಲ್ಲಿಗೆ ಕಷ್ಟ ಹೊತ್ತು ಬರುವ ಜನ. ಕಟ್ಟಿಸಿದ ದೊರೆ, ಕೊಟ್ಟ ದತ್ತಿ, ಕೆತ್ತಿದ ಶಾಸನ, ಇವು ಯಾವುವೂ ಆ ಜನರ ಜಾಗ ತುಂಬಲಾರವು. ಇದಕ್ಕೆ ಸಾಕ್ಷ್ಯ ಈ ಜಿಲ್ಲೆಯಲ್ಲೇ ಹೇರಳವಾಗಿದೆ.

ಮೊದಲು ರಾಜಘಟ್ಟ ನೋಡಿ. ದೊಡ್ಡಬಳ್ಳಾಪುರದ ಸಮೀಪದ ಈ ಊರಿಗೆ ಇವತ್ತು ಜನ ಹೋಗುವುದು ಆಂಜನೇಯನ ದರ್ಶನಕ್ಕೆ. ಅದೇ ಊರಿನ ಹೊಲದಲ್ಲಿ 2001 ಮತ್ತು 2004ರಲ್ಲಿ ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು ಅಗೆದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಮಣ್ಣಿನಲ್ಲಿ ಮಾಡಿದ ಪುಟ್ಟ ಪುಟ್ಟ ಹರಕೆ ಸ್ತೂಪಗಳು ರಾಶಿ ರಾಶಿಯಾಗಿ ಸಿಕ್ಕವು. ಬೌದ್ಧ ಮಂತ್ರವನ್ನು ಒತ್ತಿದ ಮಣ್ಣಿನ ಬಿಲ್ಲೆಗಳನ್ನು ಅವುಗಳ ಒಳಗೆ ಇಟ್ಟಿದ್ದರು. ಗಂಗರ ನಾಡಿನಲ್ಲಿ, ಬೌದ್ಧ ಧರ್ಮದ ಸುಳಿವೇ ಅಪರೂಪ ಎಂದುಕೊಂಡಿದ್ದ ಜಾಗದಲ್ಲಿ, ಯಾತ್ರಿಕರು ಬಂದು ಕೈಲಾದಷ್ಟು ಮಣ್ಣನ್ನು ಪುಣ್ಯವಾಗಿಸಿ ಇಟ್ಟು ಹೋಗಿದ್ದಾರೆ. ಈ ಜಿಲ್ಲೆಯಲ್ಲಿ ಯಾತ್ರೆ ನಡೆದಿತ್ತು ಎನ್ನಲು ಸಿಗುವ ಅತ್ಯಂತ ಹಳೆಯ ಕೈಗುರುತುಗಳಲ್ಲಿ ಇದೂ ಒಂದು. ಆದರೆ ಹಳೆಯದೆಂಬ ಹೆಮ್ಮೆ ಅದನ್ನು ಉಳಿಸಲಿಲ್ಲ. ಬರುವವರು ನಿಂತರು, ಚೈತ್ಯ ಹೊಲವಾಯಿತು. ನೆಲಮಂಗಲ ತಾಲ್ಲೂಕಿನ ಮಣ್ಣೆಯದೂ ಇದೇ ಕಥೆ. ಗಂಗರ ಕಾಲದ ಮಾನ್ಯಪುರ ಅದು. ಸೇನಾಪತಿ ಶ್ರೀವಿಜಯ ಕಟ್ಟಿಸಿದ ಜಿನಾಲಯಕ್ಕೆ 797ರ ತಾಮ್ರಶಾಸನ ದತ್ತಿ ಹಾಕಿಕೊಟ್ಟಿತು. ಅರಸರ ಬೆಂಬಲ, ಭೂದಾನ, ಬರೆದಿಟ್ಟ ದಾಖಲೆ, ಮೂರೂ ಇದ್ದವು. ಈಗ ಮಣ್ಣೆಗೆ ಹೋಗುವವರು ಬಹುಪಾಲು ಇತಿಹಾಸದ ಅಧ್ಯಾಪಕರು ಮತ್ತು ಅವರ ಹಿಂದೆ ಹೋಗುವ ವಿದ್ಯಾರ್ಥಿಗಳು.

ಇದಕ್ಕೆ ಎದುರಾಗಿ ಘಾಟಿ ಸುಬ್ರಹ್ಮಣ್ಯವನ್ನು ಇಟ್ಟು ನೋಡಿ. ತೂಬಗೆರೆಯ ಬಳಿ ಬೆಟ್ಟಗಳ ಮಡಿಲಲ್ಲಿರುವ ಈ ದೇವಸ್ಥಾನಕ್ಕೆ ಅರುನೂರು ವರ್ಷಗಳ ಇತಿಹಾಸವಿದೆ, ಇದನ್ನು ಮೊದಲು ಅಭಿವೃದ್ಧಿ ಮಾಡಿದವರು ಸಂಡೂರಿನ ಘೋರ್ಪಡೆ ಅರಸರು ಎಂದು ಪರಿಚಯದ ಬರಹಗಳೆಲ್ಲ ಹೇಳುತ್ತವೆ. ಸಂಡೂರು ಘೋರ್ಪಡೆಯವರ ಕೈಗೆ ಬಂದದ್ದು 18ನೆಯ ಶತಮಾನದಲ್ಲಿ. ಎರಡು ಮಾತೂ ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಹಾಗಂತ ಘಾಟಿಯ ಒಬ್ಬ ಭಕ್ತನಾದರೂ ಈ ಲೆಕ್ಕ ಹಿಡಿದು ಮನೆಗೆ ಹಿಂದಿರುಗಿದ್ದುಂಟೆ? ಅವರು ಬರುವುದು ಮಕ್ಕಳಾಗಲೆಂದು, ಹಾವಿನ ದೋಷ ಕಳೆಯಲೆಂದು, ಎತ್ತು ಕೊಳ್ಳಲು ಮತ್ತು ಮಾರಲು. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ಮುಖ ಭಕ್ತರಿಗೆ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಹಾಕಿದ್ದಾರೆ. ಗರುಡನಿಂದ ಸರ್ಪಸಂತತಿಯನ್ನು ಕಾಯಬೇಕೆಂದು ಸುಬ್ರಹ್ಮಣ್ಯ ಕೇಳಿಕೊಂಡ, ನರಸಿಂಹ ಒಪ್ಪಿ ಬೆನ್ನಿಗೆ ನಿಂತ ಎಂಬುದು ಸ್ಥಳದ ಕಥೆ. ಶಿವನ ಮಗನಿಗೂ ವಿಷ್ಣುವಿನ ಅವತಾರಕ್ಕೂ ಒಂದೇ ಕಲ್ಲು ಸಾಕಾಗಿದೆ. ಶೈವ ವೈಷ್ಣವ ಜಗಳವನ್ನು ಪಂಡಿತರು ಗ್ರಂಥಗಳಲ್ಲಿ ಬಗೆಹರಿಸಲು ಒದ್ದಾಡುತ್ತಿದ್ದ ಕಾಲದಲ್ಲಿ ಇಲ್ಲಿನವರು ಒಂದು ಕನ್ನಡಿಯಲ್ಲಿ ಅದನ್ನು ಮುಗಿಸಿದ್ದರು. ಆವರಣದಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ನೋಡಿದಾಗ ರಾಜಘಟ್ಟದ ಮಣ್ಣಿನ ಸ್ತೂಪಗಳ ನೆನಪಾಗದೆ ಇರದು. ಮಂತ್ರ ಬೇರೆ, ದೇವರು ಬೇರೆ, ನಡುವೆ ಸಾವಿರಕ್ಕೂ ಹೆಚ್ಚು ವರ್ಷ. ತನ್ನ ಕೈಯಿಂದ ಒಂದು ಗುರುತು ಇಟ್ಟು ಹೋಗುವ ರೂಢಿ ಮಾತ್ರ ಅದೇ.

ಘಾಟಿಯ ದನಗಳ ಜಾತ್ರೆಗೆ ಇನ್ನಷ್ಟು ಗಮನ ಸಲ್ಲಬೇಕು. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಕೆಲವು ದಿನ ಮೊದಲೇ ಜಾತ್ರೆ ಕಟ್ಟುತ್ತದೆ. ಹಳ್ಳಿಕಾರ್ ಮತ್ತು ಅಮೃತಮಹಲ್ ಜೋಡಿಗಳನ್ನು ಚಪ್ಪರದ ಕೆಳಗೆ ಸಿಂಗರಿಸಿ ಕಟ್ಟಿರುತ್ತಾರೆ. ಉತ್ತರ ಕರ್ನಾಟಕದಿಂದ, ಆಂಧ್ರ, ತಮಿಳುನಾಡುಗಳಿಂದ ರೈತರು ಬಂದು ಹಲ್ಲು ಹಿಡಿದು, ಸುಳಿ ನೋಡಿ ವ್ಯಾಪಾರ ಕುದುರಿಸುತ್ತಾರೆ. ಜಾತ್ರೆ ಎಂಬುದು ಭಕ್ತಿಯ ಬದಿಯಲ್ಲಿ ಹುಟ್ಟಿದ ಸಂತೆ ಎಂದು ಓದಿದವರು ಹೇಳುವುದುಂಟು. ಸುಗ್ಗಿ ಮುಗಿದ ಕೈ, ಮುಂದಿನ ಉಳುಮೆಗೆ ಬೇಕಾದ ಎತ್ತು, ದಾರಿಯಲ್ಲಿ ಹಾವಿನ ಭಯ, ಮನೆಯಲ್ಲಿ ತೊಟ್ಟಿಲ ಆಸೆ, ಇವೆಲ್ಲವೂ ಒಂದೇ ಸಂಸಾರದ ಚಿಂತೆಗಳು. ಹಾಗಿರುವಾಗ ಭಕ್ತಿ ಇಲ್ಲಿಗೆ ಮುಗಿಯಿತು, ಸಂತೆ ಅಲ್ಲಿಂದ ಶುರು ಎಂದು ಗೆರೆ ಎಳೆಯುವುದು ಹೇಗೆ? ಈ ಜಾತ್ರೆಗೆ ಪೆಟ್ಟು ಬಿದ್ದಿಲ್ಲವೆಂದಲ್ಲ. 2022ರಲ್ಲಿ ಚರ್ಮಗಂಟು ರೋಗದಿಂದ ರಾಜ್ಯದ ಜಾನುವಾರು ಜಾತ್ರೆಗಳಿಗೆ ತಡೆ ಬಿತ್ತು. ಅದಕ್ಕೂ ಬಹಳ ಮೊದಲೇ ಟ್ರ್ಯಾಕ್ಟರ್ ಬಂದು ಎತ್ತಿನ ಅಗತ್ಯವನ್ನು ತಗ್ಗಿಸಿತ್ತು.

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಬೇರೆ ಬಗೆಯ ಸಾಕ್ಷಿ. ಅದು ನಿಜಕ್ಕೂ ಹಳೆಯದು, ಹಳೆತನದ ಪುರಾವೆಯೂ ಗಟ್ಟಿಯಾಗಿದೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಶಾಂತಲೆ ಜೈನಳು. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ಅಂಥವಳ ಕೊನೆಯ ದಿನಗಳಿಗೆ ಇಂದು ನಾವು ‘ದಕ್ಷಿಣ ಕಾಶಿ’ ಎನ್ನುವ ಬೆಟ್ಟ ನೆಲೆಯಾಯಿತು. ಈ ಒಂದು ಸಂಗತಿಯೇ ಶಿವಗಂಗೆಯನ್ನು ಒಂದೇ ಮತದ ಹೆಸರಿಗೆ ಖಾತೆ ಮಾಡಿಕೊಡಲು ಅಡ್ಡ ಬರುತ್ತದೆ. ಈಗಲೂ ಅಲ್ಲಿ ಗಂಗಾಧರೇಶ್ವರನ ಜೊತೆ ಹೊನ್ನಾದೇವಿ ಇದ್ದಾಳೆ. ವೀರಶೈವರ ಮೇಲಣಗವಿ ಮಠವಿದೆ, ಸ್ಮಾರ್ತರ ಶಾರದಾ ಪೀಠವಿದೆ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ಇದೆ. ಒಳಕಲ್ಲು ತೀರ್ಥದಲ್ಲಿ ಕೈ ಇಳಿಬಿಟ್ಟು ನೀರು ತಾಕಿದರೆ ತನ್ನ ಕೆಲಸ ಕೈಗೂಡಿತೆಂದು ತಿಳಿಯುವವರಿದ್ದಾರೆ. ಸಂಕ್ರಾಂತಿಯಂದು ಬೆಟ್ಟದ ತುದಿಯ ಕಲ್ಲಿನಲ್ಲಿ ಒಸರುವ ನೀರನ್ನು ತಂದು ದೇವರ ಕಲ್ಯಾಣ ನಡೆಸುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು, ಕೆರೆ ತುಂಬಿದರೆ ಊಟ ಎನ್ನುವ ನಾಡು. ಇಲ್ಲಿನ ದೊಡ್ಡ ಬೆಟ್ಟದ ದೊಡ್ಡ ಪವಾಡ ಬಂಡೆಯ ನೆತ್ತಿಯಲ್ಲಿ ಕಾಣಿಸುವ ನೀರಾಗಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇನ್ನು ಕ್ರೈಸ್ತರ ಕಡೆಗೆ. ಇಲ್ಲಿ ಒಂದು ಆಕ್ಷೇಪ ತಯಾರಾಗಿಯೇ ಇರುತ್ತದೆ: ಅವರ ಕ್ಷೇತ್ರಗಳು ಹೊರಗಿನಿಂದ ಬಂದ ಪಾದ್ರಿಗಳು ಯೋಜನೆ ಹಾಕಿ ಮಾಡಿದವು, ಜನರ ನಡುವೆ ತಾವಾಗಿ ಬೆಳೆದವಲ್ಲ. ಆಕ್ಷೇಪದ ಅರ್ಧ ಭಾಗ ನಿಜ. ಇಟಲಿಯ ಜೆಸ್ವಿತ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. 18ನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಜೆಸ್ವಿತರು ತೆಲುಗು ಸೀಮೆಯಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಗೂ ಬಂದರು. ಕಾವಿ ಉಟ್ಟು, ಮಾಂಸ ಬಿಟ್ಟು ಸನ್ಯಾಸಿಗಳಂತೆ ಬದುಕಿದ್ದು ಖಂಡಿತ ಯೋಚಿಸಿ ಮಾಡಿದ ಉಪಾಯ. ಆದರೆ 1876–78ರ ಬರವನ್ನು ಯಾರೂ ಯೋಜನೆ ಹಾಕಿ ತರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನರನ್ನು ಆ ಬರ ನುಂಗಿತು. ಅನಾಥರಾಗಿ ಉಳಿದವರಿಗೆ ಕಥೋಲಿಕ ಗುರುಗಳು ಬೇಸಾಯದ ನೆಲೆಗಳನ್ನು ಮಾಡಿದರು. ನೆಲಮಂಗಲದ ದಿಕ್ಕಿನ ಸಿಲುವೇಪುರ, ಕನಕಪುರದ ದಿಕ್ಕಿನ ಮರಿಯಾಪುರ ಹಾಗೆ ಎದ್ದ ಊರುಗಳು. ಹಸಿವಿನಿಂದ ಉಳಿದು ಬಂದವರ ಮೊಮ್ಮಕ್ಕಳು ಶುಭ ಶುಕ್ರವಾರ ಶಿಲುಬೆ ಹೊತ್ತು ನಡೆಯುವಾಗ ಅದನ್ನು ಪಾದ್ರಿಗಳ ಯೋಜನೆ ಎಂದು ಕರೆದು ಕೈತೊಳೆದುಕೊಳ್ಳಲಾಗದು. ಯೋಜನೆಯ ಮಾತಿಗೇ ಬಂದರೆ, ಮಣ್ಣೆಯ ಜಿನಾಲಯಕ್ಕಿಂತ ದೊಡ್ಡ ಯೋಜನೆ ಇನ್ನಾವುದಿತ್ತು? ಸಂಸ್ಥೆ ಕಟ್ಟಡ ಕಟ್ಟಬಲ್ಲದು. ಯಾತ್ರಿಕರನ್ನು ಹುಟ್ಟಿಸುವುದು ಅದರ ಕೈಯಲ್ಲಿಲ್ಲ.

ಜನ ಆ ಕ್ಷೇತ್ರಗಳನ್ನು ಹೇಗೆ ತಮ್ಮದಾಗಿಸಿಕೊಂಡಿದ್ದಾರೆ ಎಂಬುದಕ್ಕೆ ಹಿಂದೆ ಈ ಜಿಲ್ಲೆಯಲ್ಲೇ ಇದ್ದ ಹಾರೋಬೆಲೆಯನ್ನು ನೋಡಬಹುದು. ಯೇಸುವಿನ ಯಾತನೆಯ ಕಥೆಯನ್ನು ಅಲ್ಲಿನ ರೈತರು ನೂರಕ್ಕೂ ಹೆಚ್ಚು ವರ್ಷಗಳಿಂದ ‘ಮಹಿಮೆ’ ಎಂಬ ನಾಟಕವಾಗಿ ಆಡುತ್ತಾರೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ಸೀರೆ ಉಟ್ಟ ಮಾತೆಯ ಮುಂದೆ ಕಾವಿ ಬಟ್ಟೆಯವರು ಸಾಲು ನಿಲ್ಲುತ್ತಾರೆ, ಕೊನೆಯ ದಿನ ತೇರು ಎಳೆಯುತ್ತಾರೆ. ಹರಕೆ, ಉಪವಾಸ, ಬೆಟ್ಟ ಹತ್ತುವುದು, ತೇರು: ಇವನ್ನು ಯಾರೂ ಯಾರಿಂದಲೂ ಕದ್ದದ್ದಲ್ಲ. ಈ ಮಣ್ಣಿನಲ್ಲಿ ದೇವರ ಜೊತೆ ವ್ಯವಹರಿಸಲು ಇರುವ ದಾರಿಗಳೇ ಇಷ್ಟು. ಇದರಿಂದ ಎರಡು ಧರ್ಮವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಾಗರಕಲ್ಲಿಗೆ ಹಾಲೆರೆಯುವವರಿಗೂ ಶಿಲುಬೆಹಾದಿಯ ಹದಿನಾಲ್ಕು ನೆಲೆಗಳಲ್ಲಿ ಮಂಡಿಯೂರುವವರಿಗೂ ಪಾಪ, ಪುಣ್ಯ, ಬಿಡುಗಡೆಗಳ ಕಲ್ಪನೆ ಬೇರೆಯೇ. ಅದನ್ನು ಕಲಸುಮೇಲೋಗರ ಮಾಡುವ ಸೌಹಾರ್ದದ ಭಾಷಣಗಳಲ್ಲಿ ನನಗೆ ಉತ್ಸಾಹವಿಲ್ಲ. ನಂಬಿಕೆಯನ್ನು ಬರೀ ಅಗತ್ಯಕ್ಕೆ ಇಳಿಸಿದಿರಿ ಎಂಬ ಇನ್ನೊಂದು ಆಕ್ಷೇಪವೂ ಬರಬಹುದು. ಹರಕೆ ಹೊರುವವರೇ ಅಗತ್ಯವನ್ನೂ ನಂಬಿಕೆಯನ್ನೂ ಬೇರೆ ಮಾಡಿಕೊಂಡಿಲ್ಲದಿರುವಾಗ ಅವರ ಪರವಾಗಿ ನಾವು ಬೇರ್ಪಡಿಸುವುದು ಅತಿಯಾದ ಮಡಿ.

ವಯಸ್ಸಿನ ಪ್ರಶ್ನೆ ಬರೀ ಪಂಡಿತರ ಕುತೂಹಲವಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಮಹಿಮಾಬೆಟ್ಟದಲ್ಲಿದ್ದ ಯೇಸುವಿನ ಪ್ರತಿಮೆಯನ್ನು 2020ರ ಮಾರ್ಚ್‌ನಲ್ಲಿ ಪೊಲೀಸರ ಸಮ್ಮುಖದಲ್ಲಿ ತೆಗೆಯಲಾಯಿತು. ಶಿಲುಬೆಗಳೂ ಹೋದವು. ಸರ್ಕಾರಿ ಜಾಗದಲ್ಲಿ ಇತ್ತೀಚೆಗೆ ಎಬ್ಬಿಸಿದ್ದು ಎಂದು ವಿರೋಧಿಗಳು ವಾದಿಸಿದರು. ಸ್ಮಶಾನಕ್ಕೆಂದು ಮಂಜೂರಾದ ಜಾಗ, ವರ್ಷಗಳಿಂದ ಪ್ರಾರ್ಥನೆ ನಡೆದು ಬಂದಿದೆ ಎಂದು ಭಕ್ತರು ಉತ್ತರಿಸಿದರು. ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾಡೊ ಅವರು ಪ್ರತಿಮೆ ತೆಗೆದದ್ದನ್ನು ಖಂಡಿಸಿದರು. ಅದಕ್ಕೆ ಕೆಲವೇ ತಿಂಗಳ ಮೊದಲು, 2019ರ ಕ್ರಿಸ್‌ಮಸ್ ದಿನ, ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಪ್ರತಿಮೆಗೆ ಅಡಿಗಲ್ಲು ಬಿದ್ದು ಗದ್ದಲವಾಗಿತ್ತು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. 114 ಅಡಿ ಎಂಬುದು ಯಾತ್ರಿಕನ ಅಳತೆಯಲ್ಲ. ಪಕ್ಕದ ಚಿಕ್ಕಬಳ್ಳಾಪುರದಲ್ಲಿ 2023ರಲ್ಲಿ ಎದ್ದ 112 ಅಡಿಯ ಆದಿಯೋಗಿಯಂತೆ ಅದೂ ದೂರದಿಂದ ಕಾಣಲೆಂದು ಹೂಡಿದ್ದು. ಮಹಿಮಾಬೆಟ್ಟವಾದರೋ ಸುತ್ತಲ ಹಳ್ಳಿಯ ಕೆಲವೇ ಜನ ನಡೆದು ಹೋಗುತ್ತಿದ್ದ ಬೆಟ್ಟ.

ಇಲ್ಲಿ ನನ್ನ ವಾದಕ್ಕೇ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಬರುವ ಜನವೇ ಕ್ಷೇತ್ರದ ಆಧಾರವಾದರೆ, ಗೋಮಾಳದಲ್ಲಿ ಯಾರು ಬೇಕಾದರೂ ಕಲ್ಲನ್ನೋ ಶಿಲುಬೆಯನ್ನೋ ನೆಟ್ಟು ನಾಲ್ಕು ಜನ ಸೇರಿಸಿ ಜಾಗ ತಮ್ಮದೆನ್ನಬಹುದಲ್ಲ? 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ, ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಧರಣಿ ಕೂರಬೇಕಾದ ದೇವನಹಳ್ಳಿ ತಾಲ್ಲೂಕಿನಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಉತ್ತರ ಇಷ್ಟೇ: ಜನ ಬರುವುದರಿಂದ ಕ್ಷೇತ್ರವಾಗುತ್ತದೆ, ಪಹಣಿ ಆಗುವುದಿಲ್ಲ. ಪಹಣಿಯನ್ನು ತಹಶೀಲ್ದಾರರು ನೋಡಲಿ, ಕಾನೂನಿನಂತೆ ನೋಡಲಿ. ಆದರೆ ಪಹಣಿ ನೋಡುವ ಕಣ್ಣು ಗುಡಿಗೂ ಶಿಲುಬೆಗೂ ಒಂದೇ ಇರಬೇಕು. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿಯನ್ನು ಅಧಿಕಾರಿಗಳು ಕೆಡವಿದರು. ಸಾರ್ವಜನಿಕ ಜಾಗದ ಧಾರ್ಮಿಕ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟಿದ್ದ ಆದೇಶ ಅದಕ್ಕೆ ಆಧಾರವಾಗಿತ್ತು. ನಾಡಿನಾದ್ಯಂತ ಜನ ನೊಂದರು, ನೋವು ನ್ಯಾಯವಾದದ್ದೇ. ಅದೇ ತಿಂಗಳು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಜನರ ಪೂಜೆ ನಡೆದು ಬಂದಿದೆ ಎಂಬುದಕ್ಕೆ ಪಹಣಿಯ ಪಕ್ಕದಲ್ಲಿ ಒಂದು ಜಾಗವಿದೆಯೆಂದು ಸರ್ಕಾರವೇ ಒಪ್ಪಿದಂತಾಯಿತು. ಗುಡಿ, ಚರ್ಚು, ಮಸೀದಿ, ಎಲ್ಲಕ್ಕೂ ಅನ್ವಯಿಸುವ ಕಾಯ್ದೆ ಅದು. ಆದರೆ ಕಾಯ್ದೆ ಕಾಯುವುದು ತಾನು ಬಂದ ದಿನ ನಿಂತಿರುವ ಕಟ್ಟಡಗಳನ್ನು. ಮಹಿಮಾಬೆಟ್ಟದ ಪ್ರತಿಮೆ ಇಳಿದು ಅಷ್ಟರಲ್ಲಿ ಒಂದೂವರೆ ವರ್ಷವಾಗಿತ್ತು.