ನಾರ್ನಿಯದ ಕೊನೆ ಮತ್ತು ಓದುಗರ ತಕರಾರು

ಮೆಚ್ಚಿ ಓದಿದ ಕಥೆಯ ಮುಕ್ತಾಯವನ್ನು ಕುರಿತು ಓದುಗರು ವಾದಕ್ಕೆ ನಿಲ್ಲುವುದು ಹೊಸ ಸಂಗತಿಯೇನೂ ಅಲ್ಲ. 2007ರಲ್ಲಿ ಹ್ಯಾರಿ ಪಾಟರ್ ಮಾಲೆಯ ಏಳನೆಯ ಸಂಪುಟ ಹೊರಬಂದಾಗ, ಹತ್ತೊಂಬತ್ತು ವರ್ಷಗಳ ಅನಂತರದ ಸಂಸಾರಚಿತ್ರವೊಂದನ್ನು ಕೊನೆಗೆ ಜೋಡಿಸುವ ಅಗತ್ಯವಿತ್ತೇ ಎಂದು ಅಭಿಮಾನಿಗಳಲ್ಲಿ ಎರಡು ಪಕ್ಷಗಳಾದವು. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಎಂಬ ಟೆಲಿವಿಷನ್ ಧಾರಾವಾಹಿ ಮುಗಿದಾಗ, ಅದರ ಕೊನೆಯ ಭಾಗವನ್ನು ಹೊಸದಾಗಿ ಚಿತ್ರಿಸಬೇಕೆಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಇದೆಲ್ಲ ಬಿಡುವುಳ್ಳವರ ಹರಟೆ ಎಂದು ತಳ್ಳಿಹಾಕುವ ವಿದ್ವಾಂಸರಿದ್ದಾರೆ. ಆದರೆ ಕಥೆಯ ಕೊನೆ ಸರಿಯಿಲ್ಲ ಎಂದು ಸಾಮಾನ್ಯ ಓದುಗ ಹೇಳುವಾಗ, ಅವನು ತನಗೆ ತಿಳಿಯದಂತೆಯೇ ಕಾವ್ಯಮೀಮಾಂಸೆಯ ಒಂದು ಗಂಭೀರ ಪ್ರಶ್ನೆಯನ್ನು ಎತ್ತುತ್ತಿರುತ್ತಾನೆ. ಆ ಪ್ರಶ್ನೆಯನ್ನು ಇದಕ್ಕಿಂತ ಹಳೆಯದಾದ, ಸುಮಾರು 70 ವರ್ಷಗಳಾದರೂ ಇನ್ನೂ ಇತ್ಯರ್ಥವಾಗದ ಒಂದು ವಿವಾದದ ಮೂಲಕ ಪರಿಶೀಲಿಸಬೇಕೆಂದು ನನ್ನ ಅಪೇಕ್ಷೆ. ಅದು ಸಿ. ಎಸ್. ಲೂಯಿಸ್ ಬರೆದ ನಾರ್ನಿಯ ಕಥಾಮಾಲೆಯ ಮುಕ್ತಾಯಕ್ಕೆ ಸಂಬಂಧಿಸಿದ್ದು.

ಲೂಯಿಸ್ ಹುಟ್ಟಿದ್ದು 1898ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಆಕ್ಸ್‌ಫರ್ಡಿನಲ್ಲಿ ಬಹುಕಾಲ ಅಧ್ಯಾಪಕನಾಗಿದ್ದು, ಅನಂತರ ಕೇಂಬ್ರಿಜ್‌ನಲ್ಲಿ ಮಧ್ಯಯುಗ ಹಾಗೂ ಪುನರುಜ್ಜೀವನ ಕಾಲದ ಸಾಹಿತ್ಯಕ್ಕೆ ಪ್ರಾಧ್ಯಾಪಕನಾದವನು. 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಏಳು ಪುಸ್ತಕಗಳಲ್ಲಿ ಅವನು ನಾರ್ನಿಯ ಎಂಬ ಕಲ್ಪಿತ ದೇಶದ ಕಥೆಯನ್ನು ಹೇಳಿದ. ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ಒಡಹುಟ್ಟಿದ ನಾಲ್ವರು ಮಕ್ಕಳು ಯುದ್ಧಕಾಲದಲ್ಲಿ ಲಂಡನ್ನಿನಿಂದ ಹಳ್ಳಿಯ ಮನೆಯೊಂದಕ್ಕೆ ಬಂದವರು. ಅಲ್ಲಿಯ ಬಟ್ಟೆಯ ಕಪಾಟಿನೊಳಗಿಂದ ಹಾದು, ಪ್ರಾಣಿಗಳು ಮಾತನಾಡುವ ಒಂದು ಲೋಕವನ್ನು ಸೇರುತ್ತಾರೆ. ಆ ಲೋಕದ ಒಡೆಯ ಅಸ್ಲಾನ್ ಎಂಬ ಸಿಂಹ. ನಾಲ್ವರೂ ಅಲ್ಲಿ ರಾಜರಾಣಿಯರಾಗಿ ಆಳುತ್ತಾರೆ. ಮರಳಿ ಬಂದಾಗ ಮತ್ತೆ ಮಕ್ಕಳಾಗಿರುತ್ತಾರೆ.

ಏಳನೆಯ ಪುಸ್ತಕದ ಹೆಸರು 'ದಿ ಲಾಸ್ಟ್ ಬ್ಯಾಟಲ್', ಎಂದರೆ ಕೊನೆಯ ಕಾಳಗ. ಆ ವರ್ಷದ ಉತ್ತಮ ಮಕ್ಕಳ ಪುಸ್ತಕವೆಂದು ಅದು ಇಂಗ್ಲೆಂಡಿನ ಕಾರ್ನೆಗಿ ಪದಕವನ್ನು ಪಡೆಯಿತು. ಒಂದು ಕಪಟಿ ಕೋತಿ ಒಂದು ಪೆದ್ದು ಕತ್ತೆಗೆ ಸಿಂಹದ ತೊಗಲು ಹೊದಿಸಿ, ಇವನೇ ಅಸ್ಲಾನ್ ಎಂದು ಪ್ರಜೆಗಳನ್ನು ನಂಬಿಸುವುದರಿಂದ ಕಥೆ ತೊಡಗುತ್ತದೆ. ಕೊನೆಗೆ ನಕ್ಷತ್ರಗಳು ಉದುರುತ್ತವೆ, ಕಡಲು ಏರಿ ಬರುತ್ತದೆ, ಸೂರ್ಯ ನಂದುತ್ತಾನೆ, ನಾರ್ನಿಯ ಅಳಿದುಹೋಗುತ್ತದೆ. ಆದರೆ ಒಂದು ಕೊಟ್ಟಿಗೆಯ ಬಾಗಿಲಿನಾಚೆ ಇನ್ನೊಂದು ನಾರ್ನಿಯವಿದೆ. ಅಳಿದದ್ದು ಯಾವುದರ ನೆರಳಾಗಿತ್ತೋ ಆ ನಿಜವಾದ ನಾರ್ನಿಯ ಅದು. ನಮ್ಮ ಲೋಕದಲ್ಲಿ ರೈಲು ಅಪಘಾತದಲ್ಲಿ ಸತ್ತ ನಾರ್ನಿಯದ ಹಳೆಯ ಗೆಳೆಯರು ಅಲ್ಲಿ ಸೇರಿರುತ್ತಾರೆ. ಮಕ್ಕಳ ಪುಸ್ತಕದಲ್ಲಿ ಪ್ರಳಯವನ್ನೂ ಸಾವನ್ನೂ ಹೀಗೆ ನೇರವಾಗಿ ಹೇಳುವ ಧೈರ್ಯ ಎಲ್ಲರಿಗೂ ಬರುವುದಲ್ಲ. ಈ ಭಾಗದ ವರ್ಣನೆಯ ಗಾಂಭೀರ್ಯವನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ತಕರಾರು ಇರುವುದು ಬೇರೊಂದು ಕಡೆ. ನಾರ್ನಿಯದ ಕೊನೆಯ ದೊರೆ ಟಿರಿಯನ್, ಅಲ್ಲಿ ಸೇರಿದವರನ್ನು ನೋಡಿ, ರಾಣಿ ಸೂಸನ್ ಎಲ್ಲಿ ಎಂದು ಕೇಳುತ್ತಾನೆ. ಆಕೆ ಈಗ ನಾರ್ನಿಯದ ಗೆಳತಿಯಲ್ಲ ಎಂದು ಅಣ್ಣ ಪೀಟರ್ ಚುಟುಕಾಗಿ ಉತ್ತರಿಸುತ್ತಾನೆ. ನಾರ್ನಿಯದ ಮಾತೆತ್ತಿದರೆ, ನಾವು ಚಿಕ್ಕವರಿದ್ದಾಗ ಆಡಿದ ಆಟವೆಂದು ಆಕೆ ನಗುತ್ತಾಳೆಂದು ಒಬ್ಬರು. ತುಟಿಯ ಬಣ್ಣ, ನೈಲಾನ್ ಕಾಲುಚೀಲ, ಔತಣದ ಕರೆಗಳ ಹೊರತು ಆಕೆಗೆ ಬೇರೆ ಧ್ಯಾನವಿಲ್ಲವೆಂದು ಇನ್ನೊಬ್ಬರು. ಈಗ ಆ ಮಾತು ಬೇಡ ಎಂದು ಪೀಟರ್ ವಿಷಯವನ್ನು ಬದಲಿಸುತ್ತಾನೆ. ಒಂದು ಪುಟವೂ ತುಂಬದ ಈ ಸಂಭಾಷಣೆಯ ಮೇಲೆ ಬೆಳೆದ ಚರ್ಚೆ ಪುಸ್ತಕಕ್ಕಿಂತಲೂ ದೊಡ್ಡದು. ಲೇಖಕ ಫಿಲಿಪ್ ಪುಲ್‌ಮನ್ 1998ರಲ್ಲಿ ಇದನ್ನು ಕಟುವಾಗಿ ಖಂಡಿಸಿದ. ನೀಲ್ ಗೇಮನ್ 2004ರಲ್ಲಿ ಇದನ್ನೇ ವಸ್ತುವಾಗಿರಿಸಿಕೊಂಡು ಒಂದು ಕಥೆಯನ್ನು ಪ್ರಕಟಿಸಿದ. ಹ್ಯಾರಿ ಪಾಟರ್ ಕರ್ತೃ ರೌಲಿಂಗ್ ಕೂಡ 2005ರಲ್ಲಿ ತನ್ನ ಅಸಮ್ಮತಿಯನ್ನು ಸೂಚಿಸಿದಳು. ಹುಡುಗಿ ಹೆಣ್ಣಾಗಿ ಬೆಳೆದದ್ದೇ ಅಪರಾಧವಾಯಿತೇ ಎಂಬುದು ಇವರೆಲ್ಲರ ಆಕ್ಷೇಪದ ಸಾರ.

ಲೂಯಿಸನ ಪಕ್ಷದವರಿಗೂ ಸಮಾಧಾನ ಹೇಳಲು ಬರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ಸೂಸನ್‌ಳ ದೋಷ ತುಟಿಯ ಬಣ್ಣದಲ್ಲಿಲ್ಲ, ತಾನು ಕಣ್ಣಾರೆ ಕಂಡದ್ದನ್ನು ಕಂಡೇ ಇಲ್ಲವೆಂದು ಹೇಳಿದ್ದರಲ್ಲಿದೆ ಎಂದು ಅವರ ವಾದ. ಎಲ್ಲರೂ ಕೊನೆಗೆ ಸ್ವರ್ಗ ಸೇರಲೇಬೇಕೆಂದರೆ, ಆಯ್ಕೆ ಎಂಬುದಕ್ಕೆ ಅರ್ಥವೇನು ಉಳಿಯಿತು? ಅದೇ ಪುಸ್ತಕದಲ್ಲಿ ಕುಬ್ಜರ ಗುಂಪೊಂದು ಬೆಳಕಿನ ನಡುವೆಯೇ ಕುಳಿತು, ತಾವು ಕತ್ತಲೆಯ ಕೊಟ್ಟಿಗೆಯಲ್ಲಿದ್ದೇವೆಂದು ಹಟ ಹಿಡಿಯುತ್ತದೆ. ನೋಡಲೊಲ್ಲದವರಿಗೆ ಅಸ್ಲಾನನೂ ತೋರಿಸಲಾರ. ಅಲ್ಲದೆ, ಸೂಸನ್ ಆ ರೈಲಿನಲ್ಲಿರಲಿಲ್ಲ, ಆಕೆ ಸತ್ತಿಲ್ಲ. ಸಾಯದವಳ ವಿಷಯದಲ್ಲಿ ತೀರ್ಪಿನ ಪ್ರಸ್ತಾಪವೇ ಇಲ್ಲ. 1957ರಲ್ಲಿ ಒಬ್ಬ ಬಾಲಕನಿಗೆ ಬರೆದ ಕಾಗದದಲ್ಲಿ ಲೂಯಿಸನೇ ಇದನ್ನು ಹೇಳಿದ್ದಾನೆ: ಆಕೆ ಈ ಲೋಕದಲ್ಲಿ ಬದುಕಿದ್ದಾಳೆ, ತಿದ್ದಿಕೊಳ್ಳಲು ಬೇಕಾದಷ್ಟು ಕಾಲವಿದೆ, ತನ್ನದೇ ದಾರಿಯಲ್ಲಿ ಆಕೆ ಅಸ್ಲಾನನ ದೇಶವನ್ನು ಮುಟ್ಟಲೂಬಹುದು.

ಈ ಸಮರ್ಥನೆಯನ್ನು ಒಪ್ಪಿದ ಮೇಲೂ ಓದುಗನ ಮನಸ್ಸು ಸಮಾಧಾನಗೊಳ್ಳುವುದಿಲ್ಲ. ಏಕೆಂದರೆ ಇದು ಧರ್ಮಶಾಸ್ತ್ರದ ಪ್ರಶ್ನೆಗೆ ಉತ್ತರ. ಓದುಗ ಕೇಳಿದ್ದು ಕಥನದ ನ್ಯಾಯವನ್ನು. ಮೊದಲ ಪುಸ್ತಕದಲ್ಲಿ ಎಡ್ಮಂಡ್ ಒಂದು ಮಿಠಾಯಿಯ ಆಸೆಗೆ ಒಡಹುಟ್ಟಿದವರನ್ನೇ ಶತ್ರುವಿಗೆ ಒಪ್ಪಿಸಲು ಹೊರಟವನು. ಅವನ ಪತನವನ್ನು ಹೆಜ್ಜೆಹೆಜ್ಜೆಯಾಗಿ ಕಂಡೆವು. ಅವನ ಪಶ್ಚಾತ್ತಾಪವನ್ನೂ ಕಂಡೆವು. ಅವನಿಗಾಗಿ ಅಸ್ಲಾನ್ ಪ್ರಾಣವನ್ನೇ ಕೊಟ್ಟ. ಆ ರಾತ್ರಿ ಸತ್ತ ಸಿಂಹದ ಬಳಿ ಕುಳಿತು ಅತ್ತವರು ಯಾರು? ಲೂಸಿ, ಮತ್ತು ಇದೇ ಸೂಸನ್. ಏಳನೆಯ ಪುಸ್ತಕದಲ್ಲಿ, ಜೀವನವಿಡೀ ಅಸ್ಲಾನನ ವೈರಿಯಾದ ಟಾಶ್‌ನನ್ನು ಪೂಜಿಸಿದ ಎಮೆತ್ ಎಂಬ ಶತ್ರುಸೈನಿಕನನ್ನು ಒಳಗೆ ಸೇರಿಸಿಕೊಳ್ಳಲಾಗುತ್ತದೆ. ತನ್ನ ಕಥೆಯನ್ನು ತಾನೇ ವಿವರವಾಗಿ ಹೇಳಿಕೊಳ್ಳುವ ಅವಕಾಶವೂ ಅವನಿಗೆ ಸಿಗುತ್ತದೆ. ಸೂಸನ್‌ಳಿಗೆ ಮಾತ್ರ ಒಂದು ವಾಕ್ಯವೂ ಇಲ್ಲ. ಆಕೆಯ ವಿಷಯ ನಮಗೆ ತಿಳಿಯುವುದು ಇತರರ ಬಾಯಿಂದ, ಅದೂ ಹಂಗಿಸುವ ದನಿಯಲ್ಲಿ. ಒಮ್ಮೆ ಕ್ಷಮೆ ಪಡೆದ ಎಡ್ಮಂಡ್ ಅಲ್ಲಿಯೇ ಇದ್ದಾನೆ. ಅವನು ತಂಗಿಯ ಮುಖವನ್ನಾದರೂ ನೋಡಿ ಅಕ್ಕನ ಪರವಾಗಿ ಒಂದು ಮಾತು ಆಡುವುದಿಲ್ಲ. ಅಸ್ಲಾನನೂ ಆಕೆಯ ಹೆಸರನ್ನು ಎತ್ತುವುದಿಲ್ಲ.

ಇದಕ್ಕಿಂತ ಹಿರಿದಾದ ಕೊರತೆ ಇನ್ನೊಂದಿದೆ. ಆ ರೈಲು ಅಪಘಾತದಲ್ಲಿ ಸತ್ತವರು ಸೂಸನ್‌ಳ ಅಣ್ಣ, ತಮ್ಮ, ತಂಗಿ, ತಂದೆ, ತಾಯಿ. ಒಂದೇ ದಿನದಲ್ಲಿ ಆಕೆ ಅನಾಥಳಾದಳು. ಬಾಗಿಲಿನಾಚೆ ಹಣ್ಣುಗಳ ರುಚಿಯನ್ನೂ ಬೆಟ್ಟಗಳ ಬಣ್ಣವನ್ನೂ ಬಣ್ಣಿಸುವ ಕಥೆಗಾರ, ಈಚೆ ಉಳಿದ ಈ ತರುಣಿಯ ಬರಿದಾದ ಮನೆಯ ಕಡೆ ಒಮ್ಮೆಯೂ ತಿರುಗಿ ನೋಡುವುದಿಲ್ಲ. ಮಗುವಾಗಿ ಓದಿದವರಿಗೆ ಇದು ಹೊಳೆಯದಿರಬಹುದು. ಆದರೆ ಮನೆಯಲ್ಲಿ ಒಂದು ಸಾವನ್ನು ಕಂಡ ಮೇಲೆ ಮತ್ತೆ ಓದಿದವರಿಗೆ ಹೊಳೆಯದೆ ಇರದು. ವಿವಾದ ಇಷ್ಟು ಕಾಲ ಬಾಳಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಇಂಥ ತಕರಾರು ಕನ್ನಡ ಓದುಗರಿಗೆ ಅಪರಿಚಿತವಲ್ಲ. 10ನೆಯ ಶತಮಾನದ ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಭಾರತವನ್ನು ಬರೆದ. ಕೊನೆಗೆ ಅರ್ಜುನನಿಗೆ ಪಟ್ಟಾಭಿಷೇಕವಾದಾಗ ಪಕ್ಕದಲ್ಲಿ ಕುಳಿತವಳು ಸುಭದ್ರೆ. ತುಂಬಿದ ಸಭೆಯಲ್ಲಿ ಅವಮಾನವನ್ನುಂಡ ದ್ರೌಪದಿ ಎಲ್ಲಿ ಎಂದು ನಮ್ಮ ವಿಮರ್ಶಕರು ಕೇಳುತ್ತಲೇ ಬಂದಿದ್ದಾರೆ. ಹಾಗೆ ಕೇಳಿದ್ದರಿಂದ ಪಂಪನ ಹಿರಿಮೆ ಕುಗ್ಗಲಿಲ್ಲ. ಟಿರಿಯನ್ ಸೂಸನ್‌ಳನ್ನು ಕುರಿತು ಕೇಳಿದ ಪ್ರಶ್ನೆಯೂ ಇದೇ ಜಾತಿಯದು.

ಹಾಗಾದರೆ ನಾರ್ನಿಯದ ಮುಕ್ತಾಯ ಸರಿಯೋ ತಪ್ಪೋ? ಲೋಕವೊಂದರ ಅಳಿವನ್ನು ಚಿತ್ರಿಸುವುದರಲ್ಲಿ ಅದು ಸಫಲವೆಂದೂ, ಒಂದು ಜೀವದ ಲೆಕ್ಕ ಒಪ್ಪಿಸುವುದರಲ್ಲಿ ವಿಫಲವೆಂದೂ ನನ್ನ ಅಭಿಪ್ರಾಯ. ಕಥೆ ಯಾರನ್ನು ಬೇಕಾದರೂ ಹೊರಗೆ ನಿಲ್ಲಿಸಬಹುದು. ಆದರೆ ಏಕೆ ನಿಲ್ಲಿಸಿತೆಂಬುದನ್ನು, ಒಳಗೆ ಬಿಟ್ಟವರ ವಿಷಯದಲ್ಲಿ ತೋರಿದಷ್ಟೇ ಶ್ರದ್ಧೆಯಿಂದ ನಮ್ಮ ಕಣ್ಣೆದುರು ನಡೆಸಿ ತೋರಿಸಬೇಕು. ಇದು ಬರಿಯ ಶಿಲ್ಪದ ಮಾತಲ್ಲ. ಈ ಪುಸ್ತಕಗಳನ್ನು ಓದುತ್ತ ಬೆಳೆದ ಹುಡುಗಿಯೊಬ್ಬಳು ಹದಿನಾಲ್ಕು ಹದಿನೈದರ ವಯಸ್ಸಿಗೆ ಬಂದು, ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದಾಗ, ತಾನು ಪ್ರೀತಿಸಿದ ಕಥೆಯೇ ತನ್ನನ್ನು ಹೊರಗಿಟ್ಟಿತೆಂದು ಭಾವಿಸಿದರೆ ಆ ನೋವಿಗೆ ಕಾಗದದಲ್ಲಿ ಬರೆದ ಸಮಜಾಯಿಷಿ ಸಾಲದು. ಸಮಾಧಾನ ಪುಸ್ತಕದೊಳಗೇ ಸಿಗಬೇಕಿತ್ತು.

ಲೂಯಿಸ್ ಈ ಕೊರತೆಯನ್ನು ಅರಿಯದವನಲ್ಲ. 1960ರಲ್ಲಿ ಇನ್ನೊಬ್ಬ ಓದುಗಳಿಗೆ ಉತ್ತರಿಸುತ್ತ, ಸೂಸನ್‌ಳ ಮುಂದಿನ ಕಥೆ ದೊಡ್ಡವರ ಕಾದಂಬರಿಯಂತೆ ಬೆಳೆದೀತೆಂದೂ ತಾನು ಅದನ್ನು ಬರೆಯಲಾರೆನೆಂದೂ ತಿಳಿಸಿ, ನೀವೇ ಏಕೆ ಬರೆಯಬಾರದೆಂದು ಕೇಳಿದ. 1963ರಲ್ಲಿ ಅವನು ತೀರಿಕೊಂಡ. ತಾನು ಮುಗಿಸಲಾರದ್ದನ್ನು ಓದುಗರ ಕೈಗೆ ಒಪ್ಪಿಸಿದ ಆ ಸೌಜನ್ಯವನ್ನು ನೆನೆದರೆ, ಅವನೊಡನೆ ಜಗಳವಾಡುವ ಅಭಿಮಾನಿಗಳು ಅವನ ವಿರೋಧಿಗಳೆಂದು ನನಗೆ ಅನ್ನಿಸುವುದಿಲ್ಲ. ಕಥೆಯಲ್ಲಿ ಯಾರೂ ಮತ್ತೆ ಕೇಳದ ಸೂಸನ್‌ಳನ್ನು ಅವರು ಇನ್ನೂ ಕೇಳುತ್ತಿದ್ದಾರೆ. ಮೆಚ್ಚಿದ ಗ್ರಂಥಕ್ಕೆ ಓದುಗ ಸಲ್ಲಿಸಬಹುದಾದ ಗೌರವಗಳಲ್ಲಿ ಅದೂ ಒಂದು.